ಕಂದಾಯದ ಹಲಗೆ, ಹರಿಹರದ ಬೀಗರು

ಕಂದಾಯ ಕಟ್ಟದ ಮನೆಗೆ ನಗು ತಾನಾಗೇ ಹುಡುಕ್ಕೊಂಡು ಬರ್ತೈತೆ ನೋಡ್ರಿ. ಬೇರೆಯವರ ಮನ್ಯಾಗ ನೆಂಟರು ಬಂದ್ರೆ ಗದ್ದಲ, ನಮ್ಮನ್ಯಾಗ ಬಿಲ್ ಕಲೆಕ್ಟರ್ ಬಂದ್ರೆ ಗದ್ದಲ.

ದಾವಣಗೆರೆ ಹಳೇ ಊರಾಗ ನಮ್ಮದು ಒಂದು ಮನೆ, ಎರಡು ಒಲೆ. ಕೆಳಗೆ ದೊಡ್ಡ ಮಗ, ಮ್ಯಾಲೆ ಸಣ್ಣ ಮಗ. ನಾನು ಮಧ್ಯಾಹ್ನ ಕೆಳಗೆ ಉಂಡು ರಾತ್ರಿ ಮ್ಯಾಲೆ ಉಣ್ಣೋಳು. ಮನೆ ಕಂದಾಯ ಯಾರು ಕಟ್ಟಬೇಕು? ದೊಡ್ಡವ ಅಂತಾನೆ, "ಮಾಳಿಗೆ ಎತ್ತಿದ ಮ್ಯಾಲೇ ಕಂದಾಯ ಏರಿದ್ದು, ಮ್ಯಾಲಿದ್ದವನೇ ಕಟ್ಟಲಿ." ಸಣ್ಣವ ಅಂತಾನೆ, "ನಾನು ಗಾಳಿಯಾಗ ಅದೀನಿ. ನೆಲ ಅಣ್ಣಂದು, ಅವನೇ ಕಟ್ಟಲಿ." ಒಂದು ಸಲ ಕಟ್ಟಿದ್ರೆ ಯಾವಾಗ್ಲೂ ನಮ್ಮ ತಲೆಗೇ ಬರ್ತೈತೆ ಅನ್ನೋ ಭಯ ಇಬ್ಬರಿಗೂ. ಹಿಂಗಾಗಿ ಬಾಕಿ ವರ್ಷವರ್ಷಾ ಬೆಳೀತು, ನಮ್ಮ ಮೊಮ್ಮಗಳು ಬೆಳೆದಂಗೆ.

ಆ ಮೊಮ್ಮಗಳಿಗೇ, ದೊಡ್ಡವನ ಮಗಳಿಗೆ, ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಚಿನ್ನದಂಥವ. ಫೋಟೋ ತೋರಿಸಿದ್ರೆ ನಮ್ಮ ಹುಡುಗಿ ವಾಪಸ್ಸು ಕೊಡಲಿಲ್ಲ, ಅಂದ್ರೆ ತಿಳ್ಕೊಳ್ರಿ. ಆದ್ರೆ ಹುಡುಗನ ಅಪ್ಪ ಭಾಳ ಮಾನವಂತ, ಮರ್ಯಾದಸ್ಥರ ಮನೇನೇ ಬೇಕು ಅಂತಾರೆ ಅಂದ್ರು ಸಂಬಂಧ ತಂದೋರು. ಕಂದಾಯ ಬಾಕಿ ಇರೋ ಮನೆ ಅಂತ ಗೊತ್ತಾದ್ರೆ ಹುಡುಗಿ ಗತಿ ಏನು? ಬೀಗರು ಬಂದು ಹೂಂ ಅನ್ನೋ ತನಕ ಕಂದಾಯದವರನ್ನ ನಾನೇ ತಡೀತೀನಿ ಅಂತ ಬಾಗಲಿಗೆ ಕುಂತೆ.

ಯಜಮಾನ್ರು ಒಳಗದಾರೆ

ಮೊದಲು ಬಂದಾಗ ಬಿಲ್ ಕಲೆಕ್ಟರ್ ಭಾಳ ಗತ್ತಿನಾಗಿದ್ದ. ವಯಸ್ಸು ನನ್ನ ಸಣ್ಣ ಮಗನಷ್ಟೇ.

"ಅಜ್ಜಿ, ಮನೆ ಯಾರ ಹೆಸರಿನಾಗೈತೆ?"

"ನಮ್ಮ ಮಾವನೋರ ಹೆಸರಿನಾಗ."

"ಕರೀರಿ ಅವರನ್ನ."

"ಅವರು ಹೊರಗೆ ಬರಲ್ಲಪ್ಪಾ. ನೀನೇ ಒಳಗೆ ಬಾ."

ಬಂದ. ಗೋಡೆ ಮ್ಯಾಲೆ ಹಾರ ಹಾಕಿದ ಫೋಟೋ ತೋರಿಸಿದೆ. ಪಾಪ, ಕಾಲಾಗಿನ ಚಪ್ಪಲಿ ಹೊರಗೆ ಓಡಿಹೋಗಿ ಬಿಟ್ಟು ಬಂದು ಕೈ ಮುಗಿದ.

"ಯಾವಾಗ ತೀರಿಕೊಂಡ್ರು?"

"ನನ್ನ ಮದುವೆಗೂ ಮುಂಚೆ. ನಾನೂ ನೋಡಿಲ್ಲ."

"ಇಷ್ಟು ವರ್ಷ ಆದ್ರೂ ಖಾತೆ ಯಾಕ ಬದಲಾಯಿಸಿಲ್ಲ?"

"ಅವರನ್ನ ಕೇಳದೆ ಹೆಂಗಪ್ಪಾ ಬದಲಾಯಿಸೋದು? ಹಿರೇರನ್ನ ಕೇಳದೆ ಈ ಮನ್ಯಾಗ ಒಂದು ಮೊಳೆ ಕೂಡ ಹೊಡಿಯಲ್ಲ."

ಅವನು ಬೆವರು ಒರೆಸ್ಕೊಂಡು, "ಆಯ್ತು, ಈ ನೋಟಿಸು ಯಾರಿಗಾದ್ರೂ ಮುಟ್ಟಿಸಬೇಕಲ್ಲ" ಅಂದ.

"ನನಗೆ ಅಕ್ಷರ ಬರಲ್ಲ. ಅವರ ಮುಂದೇ ಓದಿಬಿಡು. ಸ್ವಲ್ಪ ಜೋರಾಗಿ ಓದಪ್ಪಾ, ಕಿವಿ ಮಂದ ಇತ್ತಂತೆ."

ಫೋಟೋ ಕಡೆ ಮುಖ ಮಾಡಿ, ಎರಡು ಸಾಲು ಜೋರಾಗಿ ಓದೇಬಿಟ್ಟ!

ಮೆಟ್ಟಿಲು ಯಾರದು

ಎರಡನೇ ಸಲ ನ್ಯಾಯ ಮಾಡಾಕೆ ಕುಂತ. ನನ್ನ ಸೊಸೆಯರಿಬ್ಬರೂ ಯುಗಾದಿಯಿಂದ ಮಾತು ಬಿಟ್ಟಿದ್ರು. ಮ್ಯಾಲಿನೋಳು ಚೆಲ್ಲಿದ ನೀರು ಕೆಳಗಿನೋಳು ಒಣಗಿಸಿದ್ದ ಸಂಡಿಗೆ ಮ್ಯಾಲೆ ಬಿದ್ದಿತ್ತು. ಇವನಿಗೆ ಅದೆಲ್ಲಾ ಏನು ಗೊತ್ತು? ಎಲ್ಲಾರನ್ನೂ ಕೂಡ್ರಿಸಿ, "ಅರ್ಧ ಅಣ್ಣ, ಅರ್ಧ ತಮ್ಮ. ಮುಗೀತು" ಅಂದ.

"ಹೆಂಗೆ ಮುಗೀತು? ಮೆಟ್ಟಿಲು ಯಾರ ಲೆಕ್ಕ? ನಾವು ಹತ್ತಲ್ಲ" ಅಂದ್ಲು ದೊಡ್ಡ ಸೊಸೆ.

"ಮೆಟ್ಟಿಲ ಕೆಳಗೆ ಸೈಕಲ್ಲು, ಹಳೇ ಕಪಾಟು ತುಂಬಿರೋದು ಯಾರು?" ಅಂದ್ಲು ಸಣ್ಣೋಳು.

ಅವನು ಟೇಪು ತರಿಸಿ ಮೆಟ್ಟಿಲು ಅಳೆಯಾಕೆ ಹತ್ತಿದ. ಅಳೀತಾ ಅಳೀತಾ ಬೇಜಾರಾಗಿ ಒಂದು ಮಾತು ಅಂದುಬಿಟ್ಟ: "ಅಕ್ಕಾರೆ, ನೀವು ಹೆಂಗಸರು ಸುಮ್ಮನಿದ್ದಿದ್ರೆ ಅಣ್ಣತಮ್ಮ ಯಾವಾಗ್ಲೋ ಕಟ್ಟಿರೋರು."

ಅಷ್ಟೇ! ಆರು ತಿಂಗಳು ಮಾತಿಲ್ಲದ ಇಬ್ಬರೂ ಭುಜಕ್ಕೆ ಭುಜ ಹಚ್ಚಿ ನಿಂತ್ರು. "ಏನಂದ್ರಿ? ಇನ್ನೊಂದು ಸಲ ಅನ್ರಿ! ನಿಮ್ಮನ್ಯಾಗ ಹೆಂಡ್ತಿ ಮುಂದೆ ಹಿಂಗೇ ಮಾತಾಡ್ತೀರಾ?"

ಅವನು ಟೇಪು ಸುತ್ತಿಕೊಂಡು, "ಅಷ್ಟು ಧೈರ್ಯ ಇದ್ದಿದ್ರೆ ನಾನು ವಸೂಲಿ ಕೆಲಸದಾಗ ಹಿಂಗೆ ಇರ್ತಿದ್ನಾ ಅಕ್ಕಾರೆ?" ಅಂತ ಮೆಟ್ಟಿಲು ಇಳಿದ.

ಜಪ್ತಿ

ಮೂರನೇ ಸಲ ಇಬ್ಬರು ಆಳು, ಒಂದು ಲಗೇಜ್ ಆಟೋ. "ಸಾಮಾನು ಜಪ್ತಿ ಮಾಡ್ತೀವಿ ಅಜ್ಜಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ನಮ್ಮ ಓಣಿಯಾಗ ಪಾತ್ರೆಗಳು ಮನುಷ್ಯರಿಗಿಂತ ಜಾಸ್ತಿ ತಿರುಗಾಡ್ತಾವೆ. ಇವರ ಮನೆ ಹಂಡೆ ಅವರ ಮನ್ಯಾಗ, ಅವರ ಮನೆ ತಟ್ಟೆ ಇವರ ಮನ್ಯಾಗ. ಆಳು ಮೊದಲು ಎತ್ತಿದ್ದು ದೊಡ್ಡ ಪಾತೇಲಿ. ಪಕ್ಕದ ಮನೆ ಬೂಬಮ್ಮ, ಮಂಡಕ್ಕಿ ಭಟ್ಟಿಯವರ ಮನೇಕಿ, ಓಡಿ ಬಂದ್ಲು. "ಅರೆ ಅರೆ! ಅದು ನಂದು! ರಂಜಾನಿಗೆ ಬೇಕಂತ ವಾಪಸ್ಸು ಕೇಳಾಕೆ ಬಂದೀನಿ." ಅದು ಖರೇನೇ ಅವಳದ್ದು.

ಆಮೇಲೆ ಓಣಿ ಹೆಂಗಸರಿಗೆ ದಾರಿ ಸಿಕ್ತು. ಎದುರು ಮನೆಯಾಕಿ ಬಂದು, "ಆ ಮಿಕ್ಸಿ ನಮ್ಮದು." ಹಿಂದಿನ ಮನೆಯಾಕಿ, "ಟೀವಿ ನಮ್ಮದು, ನಮ್ಮನ್ಯಾಗ ಕರೆಂಟಿಲ್ಲ ಅಂತ ಇಲ್ಲಿಟ್ಟೀವಿ." ಹೊಸದಾಗಿ ಬಾಡಿಗೆಗೆ ಬಂದಿರೋ ಹುಡುಗಿ, ನಮ್ಮ ಹೊಸ್ತಿಲು ಒಂದು ಸಲಾನೂ ತುಳೀದೋಳು, ತಲೆ ಎತ್ತಿ ನೋಡಿ, "ಆ ಫ್ಯಾನು ನಂದು" ಅಂದ್ಲು. ಅದು ಮ್ಯಾಲೆ ತಿರುಗ್ತಾ ಇತ್ತು!

ಕಲೆಕ್ಟರ್ ಖಾಲಿ ಆಟೋ ನೋಡಿದ, ನನ್ನ ನೋಡಿದ. "ಅಜ್ಜಿ, ಈ ಮನ್ಯಾಗ ನಿಮ್ಮದು ಅಂತ ಏನೈತೆ?"

"ಕಂದಾಯದ ಬಾಕಿ ಒಂದು ನಂದು ನೋಡಪ್ಪಾ. ಬೇಕಾದ್ರೆ ಅದನ್ನ ಎತ್ಕೊಂಡು ಹೋಗು."

ಹಲಗೆ

ಇದಾದ ಮ್ಯಾಲೆ ಅವನಿಗೆ ರೋಷ ಬಂತು. ನಮ್ಮ ಕಡೆ ಕಂದಾಯ ಕಟ್ಟದೋರ ಮನೆ ಮುಂದೆ ಹಲಗೆ, ಅದೇ ತಮಟೆ, ಬಾರಿಸೋದುಂಟು. ಬೈಯಲ್ಲ, ಏನೂ ಕಿತ್ಕೊಳ್ಳಲ್ಲ. ಢಣ್ಣಢಣ್ಣ ಬಾರಿಸ್ತಾ ನಿಲ್ತಾರೆ, ಓಣಿ ಬಂದು ನೋಡ್ತೈತೆ, ಮಾನ ಹೋಗ್ತೈತೆ. ಇವನು ಹಲಗೆಯವರನ್ನ ಕರ್ಕೊಂಡು ಬಂದಿದ್ದು ಯಾವತ್ತು ಅಂತೀರಿ? ಹರಿಹರದ ಬೀಗರು ಹುಡುಗಿ ನೋಡಾಕೆ ಬರೋ ದಿನ, ಬರೋ ಹೊತ್ತಿಗೇ!

ಬಾಗಲಾಗ ಹಲಗೆ, ಓಣಿ ತುದಿಯಾಗ ಬೀಗರ ಕಾರು. ಮೊಮ್ಮಗಳು ಹೊಸ ಸೀರೆ ಉಟ್ಕೊಂಡು ಕಿಟಕಿ ಹಿಡ್ಕೊಂಡು ನಿಂತಿದ್ಲು, ಕಣ್ಣಾಗ ನೀರು. "ಅಜ್ಜಿ, ಮುಗೀತು."

"ಏನು ಮುಗೀತು? ಆರತಿ ತಟ್ಟೆ ತಾ!"

ಹೋದೆ, ಹಲಗೆಯವರ ಹಣೆಗೆಲ್ಲ ಕುಂಕುಮ ಹಚ್ಚಿದೆ. "ಬರ್ರಿ ಅಣ್ಣಾರೆ, ನಮ್ಮ ಬೀಗರು ಬಂದ್ರು! ಇನ್ನೂ ಜೋರಾಗಿ ಬಾರಿಸ್ರಿ!" ಮೇಳದ ಬಿಳಿ ಮೀಸೆ ಹಿರಿಯನಿಗೆ ಭಾಳ ಖುಷಿ ಆತು. ಯಾರೂ ಈವರೆಗೆ ಅವನ ಹಲಗೆಗೆ ಬಾಗಲು ತೆಗೆದು ಬಂದಿರಲಿಲ್ಲ ಅಂತ ಕಾಣ್ತೈತೆ. ಬಾರಿಸಿದ ನೋಡ್ರಿ! ಓಣಿ ಹುಡುಗರೆಲ್ಲ ಕುಣಿಯಾಕೆ ಬಿದ್ರು. ನನ್ನ ಇಬ್ಬರು ಮಕ್ಕಳೂ ಕುಣಿದ್ರು. ಕಲೆಕ್ಟರನ್ನ ಯಾರೋ ಎಳೆದು ನಡುವೆ ನಿಲ್ಲಿಸಿದ್ರು.

ಹುಡುಗನ ಅಪ್ಪ ಕಾರಿಂದ ಇಳಿದು ಎದೆ ಉಬ್ಬಿಸಿದ್ರು. "ಏನ್ರಿ ಇದು! ನಮಗೆ ಇಷ್ಟೊಂದು ಮರ್ಯಾದೆ!"

ಕಲೆಕ್ಟರ್ ಹೆಂಗೋ ಬಿಡಿಸ್ಕೊಂಡು ಬಂದ. "ಯಜಮಾನ್ರೆ, ಇದು ಮರ್ಯಾದೆ ಅಲ್ರಿ, ಇದು ಕಂ..."

ಅನ್ನೋದ್ರಾಗ ಬೂಬಮ್ಮ ಬಿಸಿ ಮಿರ್ಚಿ ಭಜಿ ಒಂದನ್ನ ಇಡಿಯಾಗಿ ಅವನ ಬಾಯಿಗೆ ತುರುಕಿದ್ಲು. ಕಣ್ಣಾಗ ದಳದಳ ನೀರು.

"ಇವರು ಯಾಕ ಅಳ್ತಾರೆ?" ಅಂದ್ರು ಹುಡುಗನ ತಾಯಿ.

"ಹುಡುಗಿಗೆ ಅಣ್ಣನಿದ್ದಂಗೆ ರೀ. ಕೊಟ್ಟು ಕಳಿಸಬೇಕಲ್ಲ ಅಂತ ದುಃಖ" ಅಂದೆ ನಾನು.

ಒಳಗೆ ಕುಂತ್ವಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ತಲೆ ಬಗ್ಗಿಸಿದ್ರು. ಇನ್ನೇನು ತಾಂಬೂಲ ಬದಲಾಯಿಸಬೇಕು. ನಾನು ಸಂಭ್ರಮದಾಗ ಹಲಗೆಯವರನ್ನೂ ಒಳಗೆ ಕರೆದು ಮಂಡಕ್ಕಿ ತಟ್ಟೆ ಕೊಟ್ಟೆ. ಬಿಳಿ ಮೀಸೆಯವ ಹುಡುಗನ ಅಪ್ಪನ್ನ ದಿಟ್ಟಿಸಿ ನೋಡಿದ. ಮುಖ ಅರಳ್ತು.

"ಓಹೋ, ನಮಸ್ಕಾರ್ರಿ ಯಜಮಾನ್ರೆ! ಹೋದ ವಾರ ಹರಿಹರದಾಗ ನಿಮ್ಮನೆ ಮುಂದೆ ಅಷ್ಟು ಹೊತ್ತು ಬಾರಿಸಿದ್ವಿ, ನೀವು ಕಿಟಕಿಯಾಗ ಹಣಿಕಿ ಹಾಕಿದ್ರೇ ಹೊರತು ಹೊರಗೆ ಬರಲಿಲ್ಲ. ಇವತ್ತು ಮುಂದೇ ನಿಂತು ಕೇಳಿದ್ರಿ!"

ಹುಡುಗನ ತಾಯಿ ಮೆಲ್ಲಗೆ ಗಂಡನ ಕಡೆ ತಿರುಗಿದ್ರು. "ಅದು ಪಕ್ಕದ ಮನೆಯವರಿಗೆ ಅಂದಿದ್ರಲ್ಲ?"

ಅಷ್ಟೊತ್ತಿಗೆ ಕಲೆಕ್ಟರ್ ಒಂದು ಚೊಂಬು ನೀರು ಕುಡಿದು ನಾಲಿಗೆ ಸರಿಮಾಡ್ಕೊಂಡಿದ್ದ. "ಈ ಮನೇದೂ ಅದೇ ಕಥೆ ರೀ" ಅಂದುಬಿಟ್ಟ.

ಬೀಗರು ನನ್ನ ನೋಡಿದ್ರು, ನಾನು ಅವರನ್ನ ನೋಡಿದೆ. ಮೊದಲು ನಕ್ಕಿದ್ದು ಅವರೇ. ಹೊಟ್ಟೆ ಹಿಡ್ಕೊಂಡು ನಕ್ಕು, "ಅಮ್ಮಾರೆ, ಇಷ್ಟು ಸರಿಯಾಗಿ ಹೊಂದೋ ಮನೆತನ ಎಲ್ಲಿ ಹುಡುಕಿದ್ರೂ ಸಿಗಂಗಿಲ್ಲ. ತರ್ರಿ ತಾಂಬೂಲ!" ಅಂದ್ರು.

ಅವತ್ತೇ ನಮ್ಮ ಹುಡುಗಿ ಎಲ್ಲಾರ ಮುಂದೆ ಅಂದ್ಲು, "ಬಾಕಿ ಇರೋ ಮನೆಯಿಂದ ನಾ ಹೊರಡಲ್ಲ, ಬಾಕಿ ಇರೋ ಮನೆಗೆ ನಾ ಹೋಗಲ್ಲ." ಎರಡು ಕಡೆಯವರೂ ಕಟ್ಟಿದ್ರು. ನನ್ನ ಮಕ್ಕಳು ಮೆಟ್ಟಿಲನ್ನೂ ಸೇರಿಸಿ ಅರ್ಧಅರ್ಧ ಹಂಚ್ಕೊಂಡ್ರು.

ಮದುವೆ ಹರಿಹರದಾಗ, ಹೊಳೆ ಕಡೆಯ ಕಲ್ಯಾಣ ಮಂಟಪದಾಗ. ಅದೇ ಹಲಗೆಯವರೇ ಬರಬೇಕು ಅಂತ ನಾನು ಹಟ ಹಿಡಿದಿದ್ದೆ. ಬಂದ್ರು. ಮುಹೂರ್ತದ ಹೊತ್ತಿಗೆ ಬಾಗಲಾಗ ನಿಂತು ಢಣ್ಣಢಣ್ಣ ಶುರು ಹಚ್ಚಿದ್ರು. ನಾನು ಅಕ್ಷತೆ ಹಿಡ್ಕೊಂಡು ತಿರುಗಿ ನೋಡ್ತೀನಿ, ಗಂಡಿನ ಕಡೆ ಅರ್ಧಕ್ಕರ್ಧ ಕುರ್ಚಿ ಖಾಲಿ! ಹೆಂಗಸರು ಕುಂತಾರೆ, ಗಂಡಸರು ಒಬ್ಬರೂ ಇಲ್ಲ. ಗಾಬರಿಯಾಗಿ ಹುಡುಕ್ಕೊಂಡು ಹೋದ್ರೆ, ಬೀಗರ ಓಣಿ ಗಂಡಸರು ಅಷ್ಟೂ ಮಂದಿ ಅಡಿಗೆ ಮನೆ ಹಿಂದೆ, ಅನ್ನದ ಹಂಡೆ ಮರೆಯಾಗ ಕುಕ್ಕರುಗಾಲಾಗ ಕುಂತಾರೆ.

ಒಬ್ಬರು ತಲೆ ಎತ್ತಿ ಪಿಸುಗುಟ್ಟಿದ್ರು:

"ಅಮ್ಮಾರೆ, ಹೋದ್ರಾ?"