ಕಿವಿಯ ಹಿಂದಿನ ಬೊಟ್ಟು

ನಡೆದದ್ದು ಇಷ್ಟೇ. ನಮ್ಮ ಭಾವ ಕಿವಿಯ ಹಿಂದಿನ ಒಂದು ಚುಕ್ಕೆ ಕಾಡಿಗೆಯನ್ನು ನಂಬಿ ಒಬ್ಬ ಒಳ್ಳೆಯ ಹೆಂಗಸಿನ ಕೆಲಸ ಕಳೆದರು. ಪಕ್ಕದಲ್ಲಿ ನಿಂತು ನಾನು ತಲೆಯಾಡಿಸಿದೆ. ಊರವರು ಇದಕ್ಕೆ ಒಗ್ಗರಣೆ ಹಾಕಿ ಹೇಳುತ್ತಾರೆ, ಭಾವನಿಗೆ ಆಗ ತಲೆ ಕೆಟ್ಟಿತ್ತು ಅಂತ. ಸುಳ್ಳು. ತಲೆ ನೆಟ್ಟಗೇ ಇತ್ತು. ನೆಟ್ಟಗಿರುವ ತಲೆಯಿಂದ ಆಗುವಷ್ಟು ಅನಾಹುತ ಕೆಟ್ಟ ತಲೆಯಿಂದ ಆಗುವುದೇ ಇಲ್ಲ!

ಭಾವ ಅಂದರೆ ನಮ್ಮ ಅಕ್ಕನ ಗಂಡ. ಕಸುಬು ದನದ ದಲ್ಲಾಳಿ. ಜಗಳೂರಿನಿಂದ ಹೊನ್ನಾಳಿಯವರೆಗೆ ಯಾವ ಸಂತೆಯಲ್ಲಿ ಎತ್ತು ಕೈ ಬದಲಾಯಿಸಿದರೂ ನಡುವೆ ಭಾವನ ಟವೆಲ್ಲು ಇರಬೇಕು. ಅದರ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವವರು ಅವರೇ. ಎತ್ತಿನ ಹಲ್ಲು, ಗೊರಸು, ಸುಳಿ, ಬಾಲದ ಬುಡ ನೋಡಿ ಅದರ ಜಾತಕವನ್ನೇ ಹೇಳುವರು. ಕಷ್ಟ ಏನೆಂದರೆ, ಸಂತೆ ಮುಗಿದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗ ಎಲ್ಲರೂ ನಮ್ಮ ಅಕ್ಕನ ಮುಖ ನೋಡಿದರೆ ಇವರು ಹಿಮ್ಮಡಿ ನೋಡಿದರು. "ಕಾಲು ಗಟ್ಟಿ ಐತೆ, ಆಗಬಹುದು" ಅಂದರು. ಅಕ್ಕ ಸಾಯುವವರೆಗೂ ಅದನ್ನು ಮರೆಯಲಿಲ್ಲ. "ಬಾಯಿ ಬಿಡಿಸಿ ಹಲ್ಲು ಎಣಿಸಲಿಲ್ವಲ್ಲ, ನನ್ನ ಪುಣ್ಯ" ಅನ್ನುತ್ತಿದ್ದಳು.

ನಮಗೊಬ್ಬ ತಮ್ಮನಿದ್ದ, ಸಿದ್ದು. ನಲವತ್ತು ದಾಟಿದ ಆಳು, ಆದರೆ ಮಾತು ಬಾರದು, ತನ್ನ ಅಂಗಿಯ ಗುಂಡಿ ತಾನು ಹಾಕಿಕೊಳ್ಳಲು ಬಾರದು. ಅವ್ವ ಹೋದಾಗಿನಿಂದ ಅಕ್ಕನ ಮನೆಯಲ್ಲೇ ಇದ್ದ. ಅಕ್ಕನೂ ಹೋಗಿ, ಭಾವನಿಗೂ ವಯಸ್ಸಾದ ಮೇಲೆ ಅವನನ್ನು ಚನ್ನಗಿರಿಯ ನಿಲಯಕ್ಕೆ ಬಿಟ್ಟೆವು. ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ದೊಡ್ಡವರಿಗೆಂದು ಊರಿನ ಹಿರಿಯರು ನಾಲ್ಕು ಜನ ಸೇರಿ ಒಂದು ಹಳೆಯ ಛತ್ರದಲ್ಲಿ ನಡೆಸುತ್ತಿದ್ದ ಮನೆ ಅದು. ಹನ್ನೊಂದು ಮಂಚ, ಹನ್ನೊಂದು ಜನ, ಒಬ್ಬ ಮೇನೇಜರು, ಒಬ್ಬ ಅಡುಗೆಯವನು, ಮೈಕೈ ನೋಡಿಕೊಳ್ಳಲು ಒಬ್ಬ ಆಳು. ನಮ್ಮ ನಲ್ಲೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಎಲ್ಲರೂ ತಿಂಗಳಿಗೊಮ್ಮೆ ಹೋಗಿ, ಬಾಳೆಹಣ್ಣು ಕೊಟ್ಟು, ಕಣ್ಣೊರೆಸಿಕೊಂಡು ಬರುತ್ತಿದ್ದರು. ಭಾವ ಮಾತ್ರ ಪ್ರತಿ ಸೋಮವಾರ ಹೋಗಿ ಪರೀಕ್ಷೆ ಮಾಡಿ ಬರುತ್ತಿದ್ದರು!

ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಎತ್ತು ನೋಡಲು ಯಾರಾದರೂ ಆರ್ಡರ್ ಕೊಡುತ್ತಾರೆಯೇ?

ಹೋದವರೇ ಬಚ್ಚಲಿಗೆ ನುಗ್ಗಿ ಹಂಡೆಯ ನೀರಿಗೆ ಮೊಣಕೈ ಅದ್ದುವರು. "ಕೋಳಿ ಪುಕ್ಕ ಕೀಳಾಕೆ ಇಟ್ಟೀರೋ, ಮನುಷ್ಯರಿಗೆ ಹಾಕಾಕೆ ಇಟ್ಟೀರೋ?" ಆಮೇಲೆ ಒಬ್ಬೊಬ್ಬರ ಉಗುರು. ಆಮೇಲೆ ಕಂಕುಳು. ಒಂದು ಸಲ ಅದೇ ಭರದಲ್ಲಿ ಮೇನೇಜರ ಕೈಯನ್ನೂ ಹಿಡಿದು ಉಗುರು ನೋಡಿ, "ಇವರಿಗೂ ಯಾರಾದ್ರೂ ಕತ್ತರಿಸ್ರಪ್ಪಾ" ಅಂದರಂತೆ. ಅಂದಿನಿಂದ ಮೇನೇಜರು ಭಾವನನ್ನು ಕಂಡರೆ ಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ಸೋಮವಾರ ಹಾಸಿಗೆ ಹೇಗಿದೆ ನೋಡುತ್ತೇನೆಂದು ಯಾರೋ ಎದ್ದುಹೋಗಿದ್ದ ಮಂಚದ ಮೇಲೆ ಮಲಗಿದರು. ನಿದ್ದೆ ಬಂತು. ಅಡುಗೆಯವನು ಹೊಸಬ. ಬಂದು ನೋಡಿದ, ಮುದುಕರು ಮಲಗಿದ್ದಾರೆ. ಎಬ್ಬಿಸಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಅನ್ನ ಸಾರು ಕಲಸಿ ಬಾಯಿಗೆ ಇಡತೊಡಗಿದ. ಇವರಾದರೂ "ನಾನು ಇಲ್ಲಿಯವನಲ್ಲ" ಅನ್ನಬಾರದೇ? ಇಲ್ಲ! ಕೊನೆಯ ತುತ್ತಿನವರೆಗೂ ತಿನ್ನಿಸಿಕೊಂಡರು. ಮನೆಗೆ ಬಂದು ನನಗೆ ವರದಿ ಒಪ್ಪಿಸಿದರು.

"ತುತ್ತು ದೊಡ್ಡದಾಯ್ತವ್ವಾ. ನುಂಗಾಕೆ ಬಿಡಂಗಿಲ್ಲ, ಇನ್ನೊಂದು ತುರುಕ್ತಾನೆ. ಬಾಯಿ ಒರೆಸಿದ ಬಟ್ಟೆ ಮುಗ್ಗಲು ವಾಸನೆ."

"ಸಾರು ಹೆಂಗಿತ್ತು ಭಾವ?"

"ಸಾರು ಪರವಾಗಿಲ್ಲ. ಅದಕ್ಕೇ ಸುಮ್ನೆ ಕೂತಿದ್ದೆ."

ಇದು ಭಾವನ ಪರೀಕ್ಷೆ. ನಿಲಯ ನಡೆಸುವ ಹಿರಿಯರ ಕಮಿಟಿಯದೂ ಒಂದಿತ್ತು. ಮೂರು ತಿಂಗಳಿಗೊಮ್ಮೆ ಜೀಪಿನಲ್ಲಿ ಬರುವರು. ಹಿಂದಿನ ದಿನ ಗೋಡೆಗೆ ಸುಣ್ಣ. ಬೆಳಿಗ್ಗೆ ಹನ್ನೊಂದು ಜನರಿಗೂ ಹೊಸ ಅಂಗಿ. ಕಮಿಟಿಯವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಪುಸ್ತಕ ತೆರೆದು "ಆರೈಕೆ ತೃಪ್ತಿಕರವಾಗಿದೆ" ಎಂದು ಬರೆದು ಸಹಿ ಹಾಕುವರು. ಜೀಪಿನ ಧೂಳು ಇಳಿಯುವ ಮೊದಲೇ ಅಂಗಿಗಳನ್ನು ಬಿಚ್ಚಿಸಿ, ಮಡಿಸಿ, ಪೆಟ್ಟಿಗೆಗೆ ಸೇರಿಸುತ್ತಿದ್ದರು. ಭಾವ ಅದನ್ನೊಮ್ಮೆ ಕಣ್ಣಾರೆ ಕಂಡು, "ಅಂಗಿಗಳ ಆರೈಕೆ ಭಾಳ ಚೆನ್ನಾಗೈತೆ ಬಿಡ್ರಿ" ಅಂದಿದ್ದರು.

"ಸಂತೆ ದಿನ ಕೊಂಬಿಗೆ ಎಣ್ಣೆ ಹಚ್ಚೋರನ್ನ ನಾನು ನೋಡಿಲ್ವೇನವ್ವಾ?" ಎಂದು ನನ್ನ ಜಗಲಿಯ ಮೇಲೆ ಕೂತು ಕೇಳಿದರು. "ಎತ್ತಿನ ಮೈ ತೊಳೆದಾರೋ ಇಲ್ವೋ ತಿಳೀಬೇಕಂದ್ರೆ ಬಾಲದ ಬುಡ ನೋಡ್ಬೇಕು. ಮನುಷ್ಯಂಗೆ ಬಾಲ ಇಲ್ಲ. ಕಿವಿ ಹಿಂದೆ ನೋಡ್ಬೇಕು."

ಅಲ್ಲಿಂದ ಶುರುವಾಯಿತು ಕಾಡಿಗೆ ಪರೀಕ್ಷೆ. ಮೊಮ್ಮಗಳ ಕಣ್ಣಿಗೆಂದು ನಾನು ಹರಳೆಣ್ಣೆ ದೀಪದಲ್ಲಿ ಕಾಡಿಗೆ ಹಿಡಿದು ಡಬ್ಬಿಯಲ್ಲಿಟ್ಟಿದ್ದೆ. ಭಾವ ಡಬ್ಬಿಯನ್ನೇ ಎತ್ತಿಕೊಂಡು ಹೋದರು. ಸೋಮವಾರ ಹನ್ನೊಂದು ಜನರ ಬಲಗಿವಿಯ ಹಿಂದೆ ಒಂದೊಂದು ದೃಷ್ಟಿಬೊಟ್ಟು ಇಟ್ಟು ಬಂದರು. ನೋಡಿದವರು ಏನೆಂದರು ಗೊತ್ತೇ? "ಎಂಥಾ ಕರುಣೆ! ಗತಿಯಿಲ್ಲದವರಿಗೆ ದೃಷ್ಟಿ ತಾಗಬಾರದು ಅಂತ ಬೊಟ್ಟು ಇಡ್ತಾರಲ್ಲ!" ಭಾವ ಕೈ ಮುಗಿದು ನಕ್ಕರು. ಗುಟ್ಟು ನನ್ನೊಬ್ಬಳಿಗೇ ಗೊತ್ತು. ನೀರು, ಸೀಗೆಪುಡಿ ಮುಟ್ಟಿದರೆ ಬೊಟ್ಟು ಹೋಗುತ್ತದೆ. ಮುಟ್ಟದಿದ್ದರೆ ಕೂತಿರುತ್ತದೆ.

ಮುಂದಿನ ಸೋಮವಾರ ಹನ್ನೊಂದರಲ್ಲಿ ಒಂಬತ್ತು ಬೊಟ್ಟು ಕೂತಿದ್ದವು! ಸ್ನಾನ ಮಾಡಿಸಬೇಕಾದ ಆಳಿಗೆ ಬೆಕ್ಕಿನಷ್ಟೇ ನೀರಿನ ಮೇಲೆ ಪ್ರೀತಿ. ಭಾವ ಗುಟ್ಟು ಬಿಡದೆ ಬರೀ ಗಲಾಟೆ ಮಾಡಿದರು. ಹೆದರಿಸಿದಾಗ ಆ ಮನುಷ್ಯ ತಾನೇ ಒಪ್ಪಿಕೊಂಡು ಓಡಿಹೋದ. ಅವನ ಜಾಗಕ್ಕೆ ನ್ಯಾಮತಿ ಕಡೆಯ ಸೂರಗೊಂಡನಕೊಪ್ಪದಿಂದ ಸೀತಾಬಾಯಿ ಅನ್ನುವ ಹೆಂಗಸು ಬಂದಳು. ಕಟ್ಟುಮಸ್ತಾದ ಮೈ, ಕಡಿಮೆ ಮಾತು. ಭಾವನ ಹೆಮ್ಮೆಗೆ ಮಿತಿಯೇ ಇಲ್ಲದಾಯಿತು. ಮುಂಡಾಸು ಒಂದು ಸುತ್ತು ಹೆಚ್ಚಾಯಿತು.

ಅವಳು ಬಂದು ತಿಂಗಳಾದ ಮೇಲೆ ಹೊಸ ಆಳನ್ನೂ ಒಮ್ಮೆ ನೋಡಿಬಿಡೋಣ ಎಂದು ಭಾವ ಮತ್ತೆ ಬೊಟ್ಟು ಇಟ್ಟು ಬಂದರು. ವಾರ ಕಳೆದು ಹೋದಾಗ ನನ್ನನ್ನೂ ಕರೆದೊಯ್ದರು. ಅವತ್ತೇ ಕಮಿಟಿಯ ಜೀಪೂ ಬಂದಿತ್ತು. ಹೊಸ ಅಂಗಿ ಹಾಕಿಕೊಂಡ ಹನ್ನೊಂದು ಜನ ಸಾಲಾಗಿ ಕೂತಿದ್ದರು. ಭಾವ ಸಾಲಿನ ಹಿಂದೆ ಹೋಗಿ ಒಂದೊಂದೇ ಕಿವಿ ಮಡಚಿದರು. ಹನ್ನೊಂದಕ್ಕೆ ಹನ್ನೊಂದೂ ಬೊಟ್ಟು! ಕರ್ರಗೆ, ದುಂಡಗೆ, ಮಿರಮಿರ!

ಭಾವನ ಮುಖ ಕೆಂಪಾಯಿತು. "ಸ್ವಾಮೀ, ಒಂದು ವಾರದಿಂದ ಇವರ ಮೈಗೆ ಹನಿ ನೀರು ಬಿದ್ದಿಲ್ಲ. ನನ್ನ ಹತ್ರ ಸಾಕ್ಷಿ ಐತೆ!"

"ಹೌದೇನಮ್ಮಾ?" ಎಂದು ಕಮಿಟಿಯವರೊಬ್ಬರು ನನ್ನನ್ನು ಕೇಳಿದರು.

"ಹೌದು ಸ್ವಾಮೀ" ಅಂದೆ. ನಾನೇನು ಕಂಡಿದ್ದೆ? ಕಾಡಿಗೆ ನನ್ನದು ಅನ್ನುವ ಸೊಕ್ಕು!

ಕಮಿಟಿಯವರಿಗೆ ಉಪ್ಪಿಟ್ಟು ಆರುತ್ತಿತ್ತು. ಮೇನೇಜರಿಗೆ ತಮ್ಮ ತಲೆಗೆ ಬರದಿದ್ದರೆ ಸಾಕಾಗಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸೀತಾಬಾಯಿಯನ್ನು ಅವರೇ ಕರೆಸಿ ಅಂದರು.

"ನೀನು ನೀರು ಹಾಕ್ಸಿಲ್ವಂತೆ. ನಾಳೆಯಿಂದ ಕೆಲಸ ಬ್ಯಾಡ."

"ದಿನಾ ಹಾಕ್ಸೀನ್ರೀ."

"ಸಾಕ್ಷಿ ಐತೆ."

ಸಾಕ್ಷಿ ಏನು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಟು ತೆಗೆದುಕೊಂಡು ಹೊರಟಳು. ಆಗ ನಮ್ಮ ಸಿದ್ದು ಎದ್ದು ಅವಳ ಸೆರಗು ಹಿಡಿದ. ಯಾರನ್ನೂ ಮುಟ್ಟದ ನಮ್ಮ ಸಿದ್ದು! ಅವಳು ಬೆರಳು ಬೆರಳೇ ಬಿಡಿಸಿಕೊಂಡು ಹೊನ್ನಾಳಿ ಬಸ್ಸಿಗೆ ಹೋದಳು.

ಸಿದ್ದು ನರಳುತ್ತ ತಲೆಯನ್ನು ಗೋಡೆಗೆ ಚಚ್ಚತೊಡಗಿದ. ಹಿಡಿದು ತಬ್ಬಿಕೊಂಡೆ. ಮೂಗಿಗೆ ಸೀಗೆಪುಡಿಯ ವಾಸನೆ ಬಡಿಯಿತು. ಕಿವಿ ಮಡಚಿ ನೋಡಿದೆ. ಕಿವಿಯ ಸಂದಿಯಲ್ಲಿ ಒಂದು ಎಳೆ ಕೊಳೆಯಿಲ್ಲ, ಕತ್ತಿನ ಮಡಿಕೆಯಲ್ಲೂ ಇಲ್ಲ. ಬೊಟ್ಟನ್ನು ಬೆರಳಲ್ಲಿ ತೆಗೆದು ಮೂಸಿದೆ. ನನ್ನ ಕಾಡಿಗೆ ಹರಳೆಣ್ಣೆಯದು. ಇದರಿಂದ ತುಪ್ಪದ ವಾಸನೆ ಬರುತ್ತಿತ್ತು.

"ಭಾವ, ಈ ಕಾಡಿಗೆ ಮೂಸ್ರಿ."

ಮೂಸಿದರು. ಪಕ್ಕದ ಮಂಚದಲ್ಲಿ ರುದ್ರಮ್ಮ ಅನ್ನುವ ಕಣ್ಣು ಕಾಣದ ಹೆಂಗಸು ಕೂತಿದ್ದಳು. ಅವಳೇ ಹೇಳಿದಳು. "ಅದು ಸೀತಾಬಾಯಿ ಕಾಡಿಗೆ ಕಣ್ರೀ. ನೀರು ಹಾಕಿ, ಮೈ ಒರೆಸಿ, ದಿನಾ ಬೊಟ್ಟು ಇಡ್ತಿದ್ಲು. ಅಜ್ಜಾರು ಇಟ್ಟ ಬೊಟ್ಟು ನನ್ನ ನೀರಿಗೆ ಹೋಗಬಾರ್ದು, ಇವ್ರಿಗೆ ಅದೊಂದಾದ್ರೂ ಇರ್ಲಿ ಅಂತಿದ್ಲು."

ಭಾವ ಕೂಗಿದರು. "ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನನ್ನ ಯಾರು ಕೇಳಿದ್ರಿ?" ಅಂದಳು ರುದ್ರಮ್ಮ. "ನೀವು ಕಿವಿ ಹಿಂದೆ ನೋಡಾಕೆ ಬರ್ತೀರಿ. ಅವರು ಪುಸ್ತಕ ನೋಡಾಕೆ ಬರ್ತಾರೆ. ಬಾಯಿ ನಮಗೂ ಐತಲ್ರೀ!"

ಅಷ್ಟು ಹೊತ್ತಿಗೆ ಕಮಿಟಿಯವರು "ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಲಾಗಿದೆ, ಆರೈಕೆ ತೃಪ್ತಿಕರವಾಗಿದೆ" ಎಂದು ಬರೆದು ಜೀಪು ಹತ್ತಿದ್ದರು. ಮೇನೇಜರ ಬಳಿಗೆ ಓಡಿ ವಿಷಯ ಹೇಳಿದೆವು. ಅವರು ಕೈ ಜೇಬಿನಲ್ಲಿಟ್ಟುಕೊಂಡೇ ಅಂದರು. "ಕರ್ಕೊಂಡು ಬಂದ್ರೆ ಇಟ್ಕೊಳ್ಳೋಣ. ಕಳಿಸಿದೋರು ನೀವು, ಕರೆಯೋರೂ ನೀವೇ ಆಗ್ರಿ." ನ್ಯಾಯವೇ.

ನಲ್ಲೂರಿನ ಬಸ್ಸಿನಲ್ಲಿ ಭಾವ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು. ನಾನು ಬೈಯಲು ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅವರೇ ಅಂದರು. "ಬಾಲ ನೋಡ್ತಾ ಎತ್ತನ್ನೇ ಬಿಟ್ಟೆ ಕಣವ್ವಾ. ನಿಮ್ಮಕ್ಕ ಇದ್ದಿದ್ರೆ ಅವರನ್ನೇ ಒಂದು ಮಾತು ಕೇಳಿರೋಳು."

ಬೈಯುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ಅಕ್ಕ ಸತ್ತ ಮೇಲೆ ಆರು ವರ್ಷ ಸಿದ್ದುವಿಗೆ ನೀರು ಹೊಯ್ದವರು ಇದೇ ಭಾವ. ಸೊಂಟ ಬಿದ್ದುಹೋಗಿ, ಒಂದು ದಿನ ಬಚ್ಚಲಲ್ಲಿ ಇಬ್ಬರೂ ಜಾರಿ ಬಿದ್ದ ಮೇಲೆಯೇ ನಿಲಯದ ಮಾತು ಬಂದದ್ದು. ಒಡಹುಟ್ಟಿದವಳು ನಾನು, ಎರಡು ಬೀದಿ ಆಚೆ ಇದ್ದೆ. ಆರು ವರ್ಷದಲ್ಲಿ ಒಂದು ದಿನವೂ ನನ್ನ ಕೈ ಒದ್ದೆಯಾಗಿರಲಿಲ್ಲ. ಭಾವನ ಹುಚ್ಚಿನ ಕಥೆ ಹೇಳಿ ನಕ್ಕಿದ್ದೆ, ಅಷ್ಟೇ. ಆ ಕೆಲಸಕ್ಕೆ ನೀರೇನೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಭಾವ ಮುಂಡಾಸಿಲ್ಲದ ತಲೆಯಲ್ಲಿ ನನ್ನ ಜಗಲಿಗೆ ಬಂದು ಕೂತರು. ಸೀತಾಬಾಯಿಯನ್ನು ಕರೆತರಲು ಸೂರಗೊಂಡನಕೊಪ್ಪಕ್ಕೆ ಹೋಗಬೇಕು, ಒಬ್ಬರೇ ಹೋಗಲು ಮುಖವಿಲ್ಲ. ಹಿಂದಿನಿಂದ ನೋಡಿದೆ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಗೆರೆಗೆರೆಯಾಗಿ ಕೊಳೆ ಕೂತಿತ್ತು. ಹನ್ನೊಂದು ಜನರ ಕಿವಿ ಮಡಚಿ ನೋಡಿದವರ ಕಿವಿಯನ್ನು ಅಕ್ಕ ಹೋದ ಮೇಲೆ ಯಾರೂ ನೋಡಿರಲಿಲ್ಲ.

"ಏಳ್ರಿ ಭಾವ, ಬಚ್ಚಲಿಗೆ ನಡೀರಿ" ಅಂದೆ.

ಮೊಣಕೈ ಅದ್ದಿ ನೋಡಿ ನೀರು ಹದ ಮಾಡಿದೆ. "ಬಿಸಿ ಸಾಕಾ, ಇನ್ನೊಂದಿಷ್ಟು ಬೇಕಾ?" ಎಂದು ಕೇಳಿದೆ. "ಸಾಕವ್ವಾ" ಅಂದರು. ಸೀಗೆಪುಡಿ ಹಾಕಿ ಕಿವಿಯ ಹಿಂದೆ ಗಸಗಸ ತಿಕ್ಕಿದೆ. ಅವರು ಸಿದ್ದುವಿನ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮೊದಲನೇ ಬಸ್ಸಿಗೆ ಹೊರಡುವವರು ನಾವಿಬ್ಬರೇ. ಬುತ್ತಿಗೆ ಮಾತ್ರ ಮೂವರ ರೊಟ್ಟಿ ಕಟ್ಟಿದೆ.