ತಾಂಡೂರಿನ ಕಣ್ಣು, ನಾರಾಯಣಖೇಡದ ಸೂಜಿ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥವು ನನ್ನ ಸುತ್ತಲೇ ಯಾಕೆ ನಡೆಯುತ್ತವೋ! ದೊಡ್ಡ ಮನುಷ್ಯರ ಹಣೆಬರಹವೇ ಹಾಗೆ.

ನನ್ನ ತಂಗಿಯ ಮಗಳು ನಾರಾಯಣಖೇಡದ ಒಂದು ಸಣ್ಣ ದವಾಖಾನೆಯಲ್ಲಿ ಹೊಸ ನರ್ಸ್. ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿಯುತ್ತಿದ್ದಳು. ಕಲಿಸುವ ಡಾಕ್ಟರಮ್ಮ ಇರುವುದು ತಾಂಡೂರಿನಲ್ಲಿ; ವಿಡಿಯೊ ಕಾಲ್‌ನಲ್ಲಿ ನೋಡಿ ತಿದ್ದುತ್ತಾರೆ. ಒಂದು ಗಾಯವನ್ನು ಮೊದಲಿನಿಂದ ಕೊನೆತನಕ ತಾನೇ ಹೊಲಿದರೆ ಹುಡುಗಿ ಪಾಸ್. ಇಲ್ಲವೆಂದರೆ ಬ್ಯಾಂಡೇಜ್ ಸುತ್ತುವುದೇ ಗತಿ. ಫೋನ್ ಹಿಡಿಯುವವನು ನಾನು. ಅಂದರೆ ಅರ್ಧ ಡಾಕ್ಟರ್ ನಾನೇ.

ಕೋಳಿಗೆ ಕೌದಿ

ಮೊದಲ ಪಾಠ ಚರ್ಮ ಸುಲಿಯದ ಕೋಳಿಯ ಮೇಲೆ. ಹುಡುಗಿ ಈ ತುದಿಯಿಂದ ಆ ತುದಿಗೆ, ದಾರ ಕಡಿಯದೆ, ಸರಸರ ಹೊಲಿದಳು.

“ಏನವ್ವಾ ಇದು?” ಅಂದರು ಡಾಕ್ಟರಮ್ಮ.

“ನಮ್ಮವ್ವ ಕೌದಿ ಹಿಂಗೇ ಹೊಲಿತಾಳ್ರಿ ಮೇಡಂ.”

“ಒಂದ್ ಕಡಿ ದಾರ ಹರೀತಂದ್ರ ಗಾಯ ಪೂರಾ ಬಾಯಿ ಬಿಡ್ತದ. ಒಂದೊಂದ್ ಹೊಲಿಗಿಗೂ ಬ್ಯಾರೆ ಗಂಟು ಹಾಕು.”

ನಾನು ಸುಮ್ಮನಿರುವವನೇ? “ಇರ್ಲಿ ಬಿಡ್ರಿ, ಚಳಿಗಾಲ. ಕೋಳಿಗೂ ಬೆಚ್ಚಗಾಗ್ತದ” ಅಂದೆ.

ಡಾಕ್ಟರಮ್ಮ ಕೇಳಿದರು: “ಈ ಫೋನ್ ಸ್ಟ್ಯಾಂಡಿಗಿ ಬಾಯಿ ಯಾರ್ ಇಟ್ಟಾರ?”

ಅಜ್ಜಿಯ ಕಾಲು

ನಾಗಲಗಿದ್ದ ಊರಿನ ಒಬ್ಬ ಅಜ್ಜಿ ಬಂದಳು. ಗಾಯ ಪಾದದ ಮೇಲೆ. ನಾನು ಫೋನನ್ನು ಹತ್ತಿರ ತಂದದ್ದೇ ತಡ, ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಯಪ್ಪಾ, ಡಾಕ್ಟರಮ್ಮನ ಮಾರಿಗಿ ಕಾಲು ಚಾಚ್ಲೇನು? ಪಾಪ ಬರ್ತದ!”

“ಅಜ್ಜಿ, ನಾನೇ ತೋರ್ಸು ಅಂತೀನಲ್ಲ” ಅಂದರು ಡಾಕ್ಟರಮ್ಮ.

“ಹಂಗಾದ್ರ ನೀವ್ ಕಣ್ ಮುಚ್ಗೊಳ್ರಿ. ಆಮ್ಯಾಲ ತೋರಸ್ತೀನಿ.”

ಅಜ್ಜಿ ಫೋನಿಗೆ ಕೈಮುಗಿದು, ತಪ್ಪಾಯಿತೆಂದು ಬೇಡಿಕೊಂಡ ಮೇಲೇ ಕಾಲು ಹೊರಬಂತು. ಆದರೆ ಸೂಜಿ ಹಿಡಿದ ನಮ್ಮ ಹುಡುಗಿಯ ಕೈ ಗಡಗಡ ನಡುಗಿತು. ಹಿರಿಯ ನರ್ಸ್ ಬಂದು ಹೊಲಿಯಬೇಕಾಯಿತು.

“ಮಾಮಾ, ಅವ್ರು ನೋಡ್ಲಿಕತ್ರ ನನಗ ಕೈಯೇ ಬರಂಗಿಲ್ಲ” ಎಂದು ಹುಡುಗಿ ಕಣ್ಣೊರೆಸಿಕೊಂಡಳು.

ಅಜ್ಜಿ ಅವಳ ತಲೆ ಸವರಿದಳು: “ಅದಕ್ಕೇ ಹೇಳ್ದೆ ಮಗಳೇ, ಆಕಿಗಿ ಕಣ್ ಮುಚ್ಗೊ ಅಂತ.”

ಫ್ಯಾನು

ಕಬ್ಬು ಕಡಿಯುವಾಗ ನನ್ನ ಎಡಗೈಗೇ ಕುಡುಗೋಲು ಬಡಿಯಿತು. ಕಬ್ಬು ತಪ್ಪಿಸಿಕೊಂಡಿತು, ನಾನಲ್ಲ.

ದವಾಖಾನೆಗೆ ಹೋದ ಕೂಡಲೇ “ಮಾಮಾ, ಮಲಕೋರಿ. ಫೋನ್ ಬ್ಯಾರೆಯವ್ರು ಹಿಡೀತಾರ” ಅಂದಳು ಹುಡುಗಿ.

“ನನ್ ಕುರ್ಚಿ ಬ್ಯಾರೆಯವ್ರಿಗಿ ಬಿಡ್ತೀನೇನು?”

ಬಲಗೈಯಲ್ಲಿ ಫೋನ್ ಹಿಡಿದು ಬೆಂಚಿನ ಮೇಲೆ ಹುಲಿಯಂತೆ ಕೂತೆ. ಕೈ ಮರಗಟ್ಟಿಸುವ ಇಂಜೆಕ್ಷನ್ ಆಯಿತು. ಸೂಜಿ ಚರ್ಮದೊಳಗೆ ಹೋದದ್ದು ಕಂಡಿತು. ಹುಲಿ ಅಡ್ಡಬಿತ್ತು. ಫೋನ್ ಎದೆಯ ಮೇಲೆ ಅಂಗಾತ ಬಿತ್ತು.

ಮುಂದಿನದು ಹಿರಿಯ ನರ್ಸ್ ಹೇಳಿದ್ದು.

“ಗಾಯ ಎಲ್ಲದ? ಬರೀ ಫ್ಯಾನ್ ಕಾಣಸ್ತದ!” ಎಂದು ತಾಂಡೂರು ಕೂಗಿತು.

ಹಿರಿಯ ನರ್ಸ್ ನನ್ನ ನಾಡಿ ಹಿಡಿದು, “ಚಲೋ ಅದ, ನೀ ಹೊಲಿ” ಅಂದಳು. ಹುಡುಗಿ ಹೊಲಿದಳು. ಹೊಲಿಗೆಗೊಂದು ಗಂಟು. ನೋಡುವ ಕಣ್ಣಿಲ್ಲ, ಕೈ ನಡುಗಲೇ ಇಲ್ಲ.

ನಾನು ಕಣ್ಣು ಬಿಡುವಾಗ, ಹಿರಿಯ ನರ್ಸ್ ಎತ್ತಿ ಹಿಡಿದ ಫೋನಿನಲ್ಲಿ ಡಾಕ್ಟರಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. “ಯಾರ್ ಹೊಲ್ದಾರ ಇದನ್ನ?”

“ನಾನ್ರಿ, ಮೇಡಂ.”

“ಪಾಸ್. ಇನ್ನ ಆ ಫ್ಯಾನಿನ ಧೂಳ್ ಒರಸ್ರಿ.”

ಹುಡುಗಿಯ ನಡುಕ ಬಿಡಿಸಲು ಮಾಮಾ ಬೇಕಂತಲೇ ಬಿದ್ದ ಎಂದು ಈಗ ರಾಯಿಕೋಡ್‌ವರೆಗೂ ಸುದ್ದಿ. ಹಬ್ಬಿಸಿದವನು ನಾನೇ. ಎಲ್ಲವೂ ಖರೆ. ‘ಬೇಕಂತಲೇ’ ಅನ್ನುವ ಆ ಒಂದು ಮಾತು ಮಾತ್ರ ನಾನು ಸೇರಿಸಿದ್ದು.