ಒಂಬತ್ತು ಕಾಣೆಯಾದ ಮನೆ

"೧೮೯೭, ಫೆಬ್ರವರಿ ೪, ಗುರುವಾರ. ಮನೆಯ ಕಂಬ ತೊಲೆಗಳಿಗೆಲ್ಲ ರೋಮನ್ ಅಂಕಿ ಕೊರೆಸಿದೆ. ಸಂಜೆಯೊಳಗೆ ಊರಿಗೆ ದೆವ್ವ ಬಂತು." ನನ್ನ ಹಳೆಯ ದಿನಚರಿಯಲ್ಲಿ ಹೀಗಿದೆ. ನಮ್ಮ ಮನೆಯಲ್ಲಿ ನಗುವಂಥ ಸಂಗತಿಗಳೆಲ್ಲ ಮೊದಲು ಹೆದರಿಸಿಕೊಂಡೇ ಬರುತ್ತವೆ. ಇವತ್ತಿಗೂ ಹಾಗೇ.

ಅಣೆಕಟ್ಟು ಕಟ್ಟಿ ಮಲೆಯಾಚೆಯ ನೀರು ಕಂಬಂ ಕಣಿವೆಗೆ ಇಳಿದ ಮೇಲೆ ನಾವು ವೇದಸಂದೂರಿನ ಒಣ ಹೊಲ ಬಿಟ್ಟು ಆ ಕಣಿವೆಯ ಮಾರ್ಕಯನ್‌ಕೋಟ್ಟೈಯಲ್ಲಿ ಗದ್ದೆ ಕೊಂಡೆವು. ಅತ್ತೆ ಒಂದೇ ಮಾತು ಹೇಳಿದರು: "ನಿಮ್ಮ ಮಾವ ಬಾಳಿದ ಮನೆ ಅಲ್ಲಿಗೆ ಬಂದರೆ ನಾನೂ ಬರ್ತೀನಿ. ಒಂದು ತೊಲೆ ಅದಲುಬದಲಾದರೂ ಇಲ್ಲೇ ತಮ್ಮನ ಮನೇಲಿ ಇದ್ದುಬಿಡ್ತೀನಿ."

ಸೊಸೆಯನ್ನು ಮದರಾಸಿನ ಕಾಲೇಜಿಗೆ ಕಳಿಸಬಾರದೆಂದು ನಮ್ಮವರೆಲ್ಲ ಕೂತು ತೀರ್ಮಾನಿಸಿದ್ದಾಗ, ನನ್ನನ್ನು ಗಾಡಿ ಹತ್ತಿಸಿದವರು ಆ ಅತ್ತೆಯೊಬ್ಬರೇ. ಅವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಮನೆಯನ್ನೇ ಬಿಚ್ಚಿ, ಗಾಡಿಗೇರಿಸಿ, ಅಲ್ಲಿ ಇದ್ದ ಹಾಗೇ ಜೋಡಿಸುವುದೆಂದಾಯಿತು.

ಸತ್ತವರ ಅಂಕಿ

ಬಿಚ್ಚಿದ ಮರಗಳು ಕಲಸಿಹೋಗದಿರಲು ಗುರುತು ಬೇಕು. ಬಡಗಿಯ ಉಳಿಗೆ ನಮ್ಮ ದುಂಡು ಅಂಕಿಗಳು ಒಗ್ಗುವುದಿಲ್ಲ. ರೋಮನ್ ಅಂಕಿಯಲ್ಲಿ ಬರೀ ನೇರ ಗೀಟುಗಳು. ಒಂದಕ್ಕೆ I, ಐದಕ್ಕೆ V, ಹತ್ತಕ್ಕೆ X. ಚಿಕ್ಕದು ಬಲಗಡೆ ನಿಂತರೆ ಕೂಡಬೇಕು, ಎಡಗಡೆ ನಿಂತರೆ ಕಳೆಯಬೇಕು. XI ಹನ್ನೊಂದು, IX ಒಂಬತ್ತು. ಬೆಳಿಗ್ಗೆ ಬಡಗಿಯನ್ನೂ ಅವನ ಆಳುಗಳನ್ನೂ ಕೂಡಿಸಿಕೊಂಡು ಕಲಿಸಿದೆ, ಕೊರೆದರು.

ಮಟಮಟ ಮಧ್ಯಾಹ್ನ ಪಕ್ಕದ ಮನೆಯಾಕೆ ಮಜ್ಜಿಗೆಗೆಂದು ಬಂದಳು. ಹೆಂಚು ತೆಗೆದಾಗಿತ್ತು. ಬಾಗಿಲಿಲ್ಲದ, ಸೂರಿಲ್ಲದ ಮನೆಯಲ್ಲಿ ಕಂಬಗಳು ಮಾತ್ರ ಬಿಸಿಲಲ್ಲಿ ನಿಂತಿದ್ದವು. ಪ್ರತಿ ಕಂಬದ ಮೇಲೂ ಉಗುರಿನಿಂದ ಬಗೆದಂಥ ಗೀರು.

"ಅಕ್ಕಾ, ಇದು ಯಾವುದು ಪರಚಿದ್ದು?"

"ಪರಚಿದ್ದಲ್ಲ ತಂಗಿ, ಅಂಕಿ. ರೋಮ್ ಅಂತ ಊರು, ಅಲ್ಲಿಯವರದು."

"ಅವರು ಈಗ ಎಲ್ಲಿದಾರೆ?"

"ಸತ್ತು ಸಾವಿರ ವರ್ಷದ ಮೇಲಾಯ್ತು."

ಆಕೆ ಕಂಬಗಳನ್ನು ಒಂದೊಂದಾಗಿ ನೋಡಿದಳು. ದನಿ ತಗ್ಗಿಸಿ, "ಎಲ್ಲರೂ ಬಂದಿದಾರಾ?" ಎಂದಳು. ಚೆಂಬನ್ನು ಅಲ್ಲೇ ಬಿಟ್ಟು ಹೋದವಳು ನಾವು ಊರು ಬಿಡುವವರೆಗೂ ಅದನ್ನು ಕೇಳಲು ಬರಲಿಲ್ಲ.

ಹತ್ತನೆಯದು

ಕೆತ್ತನೆಯ ತೊಲೆಗಳಿಗೆ ಪೆಟ್ಟು ಬೀಳದಿರಲೆಂದು ಬಿಳಿ ಬಟ್ಟೆ ಸುತ್ತಿ, ಬಟ್ಟೆಯ ಮೇಲೂ ಇದ್ದಿಲಿನಲ್ಲಿ ಅಂಕಿ ಬರೆಸಿದ್ದೆ. ಹತ್ತನೆಯ ತೊಲೆಯ ಗಾಡಿ ಎಲ್ಲಕ್ಕಿಂತ ಹಿಂದೆ, ಅದರ ಪಕ್ಕದಲ್ಲಿ ನಾನು.

ಮುಸ್ಸಂಜೆಗೆ ದಿಂಡಿಗಲ್ ದಾಟುವಾಗ ದಾರಿಬದಿಯಲ್ಲಿ ಕೂತಿದ್ದವರು ಎದ್ದು ನಿಂತರು. ಮುಂಡಾಸು ತೆಗೆದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಗಾಡಿಯ ಹಿಂದೆ ಏಳೆಂಟು ಜನ ತಲೆ ತಗ್ಗಿಸಿ ನಡೆದು ಬರುತ್ತಿದ್ದರು. ನಾನು ನಿಂತೆ, ಅವರೂ ನಿಂತರು. ನಡೆದೆ, ನಡೆದರು.

ಕೊನೆಗೆ ಕೊರಳಲ್ಲಿ ಶಿಲುಬೆ ಹಾಕಿಕೊಂಡಿದ್ದ ಮುದುಕನೊಬ್ಬ ಹತ್ತಿರ ಬಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದ: "ಯಾರಮ್ಮಾ ತೀರಿಕೊಂಡದ್ದು?" ಬಿಳಿ ಬಟ್ಟೆಯ ಮೇಲಿನ X ಅವನ ಕಣ್ಣಿಗೆ ಶಿಲುಬೆಯಾಗಿತ್ತು.

"ಯಾರೂ ಇಲ್ಲಯ್ಯಾ. ಅದು ಹತ್ತು."

"ಹತ್ತು ಜನವಾ!" ಎಂದವನು ರಸ್ತೆಯಲ್ಲೇ ಕುಸಿದು ಕೂತ.

"ಅಯ್ಯಾ, ಮರ ಅದು. ಬೇಕಾದರೆ ಮುಟ್ಟಿ ನೋಡು."

ಎದ್ದು ಬಂದು ಬಟ್ಟೆಯ ಮೇಲೆ ಕೈಯಿಟ್ಟ. "ಪಾಪ, ಆಗಲೇ ಸೆಟೆದುಹೋಗಿದಾರೆ" ಎಂದ.

ತಲೆಕೆಳಗಾದವರು

ಗೃಹಪ್ರವೇಶ ವೈಕಾಸಿ ತಿಂಗಳಲ್ಲಿ, ಅಂದರೆ ಮೇ ಕೊನೆಗೆ. ಅಲ್ಲಿಯವರೆಗೆ ತಮ್ಮನ ಮನೆಯಲ್ಲಿದ್ದ ಅತ್ತೆಯನ್ನು ಕರೆತರಲು ನಾನು ಹೋಗಿದ್ದಾಗ ಬಡಗಿ ತೊಲೆಗಳನ್ನು ಕೂಡಿಸಿ, ಹೆಂಚು ಹೊದಿಸಿ ಮುಗಿಸಿದ್ದ. ಮಲೆಯ ಸಂದಿನಿಂದ ಗಾಳಿ ಬೀಸಲು ಶುರುವಾಗಿತ್ತು.

ಅತ್ತೆ ಹೊಸ್ತಿಲು ದಾಟಬೇಕು, ಒಳಗೆ ಯಾರೋ ಕೆಮ್ಮಿದರು. ಒಳಗೆ ಯಾರೂ ಇರಲಿಲ್ಲ. ಮತ್ತೆ ಕೆಮ್ಮು. ಮುದುಕರ ಕೆಮ್ಮು, ಕೊನೆಯಲ್ಲಿ ಸಣ್ಣಗೆ ಉಸಿರೆಳೆಯುವಂಥದ್ದು. ನಮ್ಮ ಮಾವ ಬದುಕಿದ್ದಾಗ ಹಾಗೇ ಕೆಮ್ಮುತ್ತಿದ್ದರು. ಅತ್ತೆ ಕಾಲು ಹಿಂದಕ್ಕೆ ತೆಗೆದು, ಹೋಗಿ ಹುಣಸೆಮರದ ಕೆಳಗೆ ಕೂತರು. ಆ ದಿನ ಅಲ್ಲಿಂದ ಏಳಲೇ ಇಲ್ಲ. ತಮ್ಮನ ಮನೆಗೆ ಹಿಂತಿರುಗುತ್ತಾರೆಂದೇ ನಾನು ಗಟ್ಟಿ ಮಾಡಿಕೊಂಡೆ.

ಊರಿನವರು ಕೋಡಾಂಗಿಯನ್ನು ಕರೆತಂದರು. ಡಮರುವಿನಂಥ ಉಡುಕೆ ಬಾರಿಸಿ ಕಣಿ ಹೇಳುವವನು. ಬಾರಿಸಿದ, ನಡುಗಿದ, ಕಣ್ಣು ಮೇಲೆ ಮಾಡಿ ಕೂಗಿದ: "ಈ ಮನೆಯೊಳಗೆ ಒಬ್ಬ ತಲೆಕೆಳಗಾಗಿ ಇದಾನೆ!"

ಓದಿದವಳು ನಾನು, ನಂಬಲಿಲ್ಲ. ಆದರೆ ಎಲ್ಲರೂ ಮೇಲೆ ನೋಡಿದ್ದರಿಂದ ನಾನೂ ನೋಡಿದೆ. VIII, XI, X, XI. ಹನ್ನೊಂದು ಎರಡಿದ್ದವು, ಒಂಬತ್ತು ಇರಲಿಲ್ಲ. ಒಂಬತ್ತನೆಯ ತೊಲೆಯನ್ನು ಬುಡಮೇಲು ಮಾಡಿ ಕೂರಿಸಿದ್ದರು. IX ತಿರುಗಿ ನಿಂತರೆ XI. ಸರಿಯಾಗಿ ಕೂರದ ಆ ಸಂದಿನಲ್ಲಿ ಗಾಳಿ ನುಗ್ಗಿ ಕೆಮ್ಮುತ್ತಿತ್ತು.

ಬಡಗಿಯನ್ನು ಕೇಳಿದೆ. "ಹನ್ನೊಂದು ಎರಡು ಬಂತಮ್ಮಾ, ಒಂಬತ್ತರ ಜಾಗ ಖಾಲಿ. ಕಾಲೇಜು ಓದಿದವರ ಲೆಕ್ಕ, ನಾನ್ಯಾರು ಕೇಳೋದಕ್ಕೆ ಅಂತ ಒಂದನ್ನ ಅಲ್ಲಿಗೆ ಹಾಕಿದೆ."

ಮರುದಿನ ನೆಟ್ಟಗೆ ಮಾಡಿಸಿದೆ. ಕೆಮ್ಮು ನಿಂತಿತು. ಅತ್ತೆಯನ್ನು ಕೈಹಿಡಿದು ಒಳಗೆ ಕರೆತಂದೆ. ಕಂಬಕ್ಕೊರಗಿ ಕೂತು ಬಹಳ ಹೊತ್ತು ಕಿವಿಗೊಟ್ಟರು. ಹೊರಗೆ ಗಾಳಿ, ಒಳಗೆ ಸದ್ದಿಲ್ಲ.

"ಎಲ್ಲಿ?" ಎಂದರು.

"ಯಾರತ್ತೆ?"

"ನಿನ್ನೆ ಇದ್ದರಲ್ಲ."

"ಅದು ಗಾಳಿ ಅತ್ತೆ. ತೊಲೆ ಸರಿ ಮಾಡಿಸಿದೆ."

"ನಾನೇನು ಹೆದರಿ ಹೊರಗೆ ಕೂತೆ ಅಂದುಕೊಂಡೆಯಾ? ಇಷ್ಟು ದಿನದ ಮೇಲೆ ಬಂದಿದಾರೆ, ಒಂದು ಗಳಿಗೆ ಅತ್ತು ಮುಖ ತೊಳಕೊಂಡು ಹೋಗೋಣ ಅಂತ ಕೂತಿದ್ದೆ. ಅಷ್ಟು ದೂರ ಹೋಗಿ ಓದಿ ಬಂದು, ಮನೆಗೆ ಬಂದ ಮೊದಲ ದಿನವೇ ಮಾವನ್ನ ಓಡಿಸಿಬಿಟ್ಟೆಯಲ್ಲ ತಾಯಿ! ತಿರುಗಿಸಿ ಹಾಕಿಸು. ಇಲ್ಲದಿದ್ದರೆ ಗಾಡಿ ಕಟ್ಟಿಸು."

ತಿರುಗಿಸಿ ಹಾಕಿಸಿದೆ. ಖರ್ಚು ಹೀಗಾಯಿತು: ತೊಲೆ ನೆಟ್ಟಗೆ ಮಾಡಿದ್ದಕ್ಕೆ ಬಡಗಿಗೆ ಎರಡು ರೂಪಾಯಿ. ಮತ್ತೆ ಬುಡಮೇಲು ಮಾಡಿದ್ದಕ್ಕೆ ಮೂರು, ಬೇಕೆಂದು ತಪ್ಪು ಮಾಡುವುದು ಕಷ್ಟವೆಂದ. ಕೋಡಾಂಗಿಗೆ ಒಂದು ಹುಂಜ, ಒಂದು ಪಂಚೆ. ಒಡೆದ ಹೆಂಚು ಒಂದು ಬುಟ್ಟಿ. ಗಾಳಿಯ ತಿಂಗಳುಗಳಲ್ಲಿ ಪ್ರತಿದಿನ ಒಂದು ತುಂಡು ಶುಂಠಿ. ಅತ್ತೆ ಕಷಾಯ ಕಾಯಿಸಿ, ಮಲಗುವ ಮುಂಚೆ ಆ ತೊಲೆಯ ಕೆಳಗೆ ಇಡುತ್ತಿದ್ದರು. ಬೆಳಿಗ್ಗೆ ಲೋಟ ಖಾಲಿ. ಲೆಕ್ಕದಲ್ಲಿ ಅದನ್ನು ಬೆಕ್ಕಿನ ಖರ್ಚೆಂದು ಬರೆದಿದ್ದೇನೆ.